ಹಿಂದಿನ ಸೀಟಲ್ಲಿ ಕೂತು ನೋಡಿ!

"ಯಾರಾದ್ರೂ ಈ ಸೀಟ್ ಮಡಚ್ತೀರಾ, ಇಲ್ವಾ?!"

ವಿಶಾಖಪಟ್ಟಣದ ಆ ಥಳಥಳ ಹೊಳೆಯುವ ಶೋರೂಮಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಕೂಗು ಬಂದದ್ದು ನಟ್ಟನಡುವೆ ನಿಂತಿದ್ದ ಹೊಚ್ಚ ಹೊಸ ಏಳು ಸೀಟಿನ ಎಸ್‌ಯುವಿಯಿಂದ. ಹೆಸರು 'ಪರಿವಾರ್'. ಅದರ ಮೂರನೇ ಸಾಲಿನಲ್ಲಿ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಅಪೂರ್ವ ಸಿಕ್ಕಿಹಾಕಿಕೊಂಡಿದ್ದಳು!

ನಡುವಿನ ಸೀಟು ಮುಂದಕ್ಕೆ ಮಡಚಿದರೆ ಮಾತ್ರ ಹಿಂದಿನವರು ಇಳಿಯಬಹುದು. ಅದು ಮಡಚುತ್ತಲೇ ಇರಲಿಲ್ಲ. ಲಿವರ್ ಎಳೆದಳು, ತಳ್ಳಿದಳು, ಗುದ್ದಿದಳು... ಊಹೂಂ!

ಸೇಲ್ಸ್‌ನ ಫಣಿ ಬೆವರು ಒರೆಸಿಕೊಂಡು ತೆಲುಗಿನಲ್ಲಿ ಚಿಂತೆ ಬೇಡ ಎಂದ. "ಟೆನ್ಷನ್ ವದ್ದು ಮೇಡಂ... ಸನ್‌ರೂಫ್ ಉಂದಿ ಮೇಡಂ!"

"ಸನ್‌ರೂಫ್ ಇದ್ರೆ? ಹಾರಿ ಹೋಗ್ಲಾ?"

ಅಪೂರ್ವಳಿಗೆ ತಲೆ ಕೆಟ್ಟುಹೋಗಿತ್ತು. ಎಂವಿಪಿ ಕಾಲೋನಿಯ ಕೋಚಿಂಗ್ ಸೆಂಟರಿನಲ್ಲಿ ಫಿಸಿಕ್ಸ್ ಪಾಠ ಮಾಡುವ ಅವಳು ಬಿಡುವಾದಾಗಲೆಲ್ಲ ಫ್ಯಾಮಿಲಿ ಕಾರುಗಳ ವಿಡಿಯೋ ಮಾಡುತ್ತಿದ್ದಳು. ಬೇರೆಯವರೆಲ್ಲ ಡ್ರೈವರ್ ಸೀಟಿನಲ್ಲಿ ಕೂತು ಸ್ಪೀಡು, ದೊಡ್ಡ ಸ್ಕ್ರೀನು, ಬಣ್ಣದ ಲೈಟು ಅಂತ ಕೊಂಡಾಡುತ್ತಿದ್ದರೆ ಇವಳು ಮಾತ್ರ ನೇರವಾಗಿ ಕೊನೆಯ ಸಾಲಿಗೆ ಹೋಗಿ ಕೂರುತ್ತಿದ್ದಳು. ಅಜ್ಜಿ, ಮಕ್ಕಳು, ಮನೆಯಲ್ಲಿ ಬಾಯಿಲ್ಲದವರೆಲ್ಲ ಕೂರುವುದು ಅಲ್ಲೇ ತಾನೇ!

'ಈಗ ನೋಡು... ಕಾರಿನ ಹೆಸರು ಪರಿವಾರ್, ಕೂತ್ರೆ ಸೆರೆಮನೆ!'

"ಈ ಸೀಟ್ ಮಾಡಿದ ಪುಣ್ಯಾತ್ಮ ಯಾರೋ, ಅವನ ಅಜ್ಜಿನ ತಂದು ಇಲ್ಲಿ ಕೂರಿಸ್ಬೇಕು!" ಎಂದು ತೆಲುಗಿನಲ್ಲಿ ಒಂದೇ ಉಸಿರಿಗೆ ಬೈದಳು. ಆಮೇಲೂ ಸಿಟ್ಟು ಇಳಿಯದೆ, "ದರಿದ್ರ ಗಾಡಿ!" ಎಂದು ಕನ್ನಡದಲ್ಲೂ ಸೇರಿಸಿದಳು.

ಬಾಗಿಲಲ್ಲಿ ಒಂದು ತಲೆ ಇಣುಕಿತು. ಕೆದರಿದ ಕೂದಲು, ಕೊರಳಲ್ಲಿ ಫ್ಯಾಕ್ಟರಿಯ ಐಡಿ ಕಾರ್ಡು, ಕೈಯಲ್ಲಿ ಸ್ಕ್ರೂಡ್ರೈವರ್.

"ತೆಲುಗಿನಾಗ ಬೈದದ್ದು ತಿಳೀಲಿಲ್ರಿ. ಕನ್ನಡದ್ದು ಭಾಳ ಚೊಲೋ ತಿಳೀತು."



"ನೀವು... ಕನ್ನಡದವರಾ?"

"ಧಾರವಾಡ. ಧೀರಜ್ ಅಂತ. ಶೋರೂಮಿನ ಗಾಡಿ ನೋಡಾಕ ಬಂದೀನಿ. ಅಚ್ಯುತಾಪುರಂ ಫ್ಯಾಕ್ಟರಿಯಾಗ ಇದೇ ಸೀಟ್ ಚೆಕ್ ಮಾಡಿ ಪಾಸ್ ಮಾಡಿದಾಂವ ನಾನs."

"ಓ! ಆ ಪುಣ್ಯಾತ್ಮ ನೀವೇನಾ!"

ಅವನು ಸೀಟಿನ ಕೆಳಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದ. ಟಕ್! ಸೀಟು ಮಡಚಿತು. ಅಪೂರ್ವ ರಭಸದಿಂದ ಎದ್ದಳು. ಆದರೆ ಕಾಲು ಜೋಮು ಹಿಡಿದಿತ್ತು... ನೇರವಾಗಿ ಅವನ ಭುಜದ ಮೇಲೆ ಬಿದ್ದಳು!



'ಛೀ... ಬೈಯುವಾಗಲೇ ಬೀಳಬೇಕಿತ್ತಾ ನಾನು?'

"ಇದನ್ನ ವಿಡಿಯೋದಲ್ಲಿ ಹಾಕ್ತೀನಿ, ನೆನಪಿರ್ಲಿ," ಎಂದಳು ಒಂಟಿ ಕಾಲಲ್ಲಿ ನಿಂತು.

"ಬಿದ್ದದ್ದನ್ನಾ?"

"ಸೀಟನ್ನ!"

ಅವನ ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಮರುಕ್ಷಣ ಗಂಭೀರನಾದ. "ಹಾಕೂಕಿಂತ ಮೊದಲ ಇದು ಯಾಕ ಸಿಕ್ಕೊಂತು ಅಂತ ಕಂಡು ಹಿಡಿಯೂಣು. ಒಂದು ಸಲ ಆದದ್ದು ಅಂದ್ರ ಯಾರೂ ನಂಬೂದಿಲ್ರಿ."

ಅದು ಅವಳಿಗೂ ಸರಿಯೆನಿಸಿತು. ಸಿಟ್ಟು ಬಂದದ್ದೂ ಅದಕ್ಕೇ!

ಆ ಭಾನುವಾರ ಫಣಿಯನ್ನು ಕಾಡಿ ಬೇಡಿ, ಶೋರೂಮಿನ ಟೆಸ್ಟ್ ಡ್ರೈವ್ ಗಾಡಿಯನ್ನು ಎಂವಿಪಿ ಕಾಲೋನಿಗೆ ತಂದರು. ಧೀರಜ್ ಸೀಟನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಬೆಣ್ಣೆಯ ಹಾಗೆ ಕೆಲಸ ಮಾಡಿತು.

"ನೋಡ್ರಿ. ಲ್ಯಾಬಿನಾಗ ಸಾವಿರಗಟ್ಟಲೆ ಸಲ ಮಡಚೀವಿ."

"ಚೇಗೋಡಿ ತಿನ್ಕೊಂಡಾ?"

"...ಏನು?"

"ನಿಮ್ಮ ಲ್ಯಾಬಲ್ಲಿ ಮಕ್ಕಳು ಇರ್ತಾರಾ? ಚೇಗೋಡಿ, ಅದೇ ಇಲ್ಲಿನ ಕೋಡುಬಳೆ, ಚೆಲ್ತಾರಾ? ಬೀಚಿಂದ ಒದ್ದೆ ಕಾಲಲ್ಲಿ ಬಂದು ಹತ್ತುತ್ತಾರಾ? ಇದು ಫ್ಯಾಮಿಲಿ ಕಾರ್ ಕಣ್ರೀ! ಫ್ಯಾಮಿಲಿ ಎಲ್ಲಿ ನಿಮ್ಮ ಟೆಸ್ಟಲ್ಲಿ?"

 ಅಪೂರ್ವ ಅಪಾರ್ಟ್‌ಮೆಂಟಿನ ಮಕ್ಕಳನ್ನೆಲ್ಲ ಗಾಡಿಗೆ ತುಂಬಿದಳು. ಆರ್‌ಕೆ ಬೀಚಿಗೆ ಹೋದರು. ಅಲೆಯಲ್ಲಿ ಆಡಿದರು. ಮರಳು ಮೆತ್ತಿದ ಕಾಲು, ಎಣ್ಣೆ ಚೇಗೋಡಿಯ ಪೊಟ್ಟಣ, ಕಿರುಚಾಟ... ಧೀರಜ್‌ನ ಕಿವಿಯಲ್ಲಿ ಒಬ್ಬ ಪೋರಿ ಇಡೀ ದಾರಿ ಪೀಪಿ ಊದಿದಳು.

"ಏನ್ರಿ, ಇದು ಟೆಸ್ಟೋ ಶಿಕ್ಷೆಯೋ?"

"ಎರಡೂ!"

ಮುಂದಿನ ಕೆಲವು ಸಂಜೆ ಇದೇ ಪಾಡು. ಕೊನೆಗೆ ಒಂದು ದಿನ ಸೀಟು ಹಟ ಹಿಡಿದು ನಿಂತುಬಿಟ್ಟಿತು. ಧೀರಜ್ ಅದರಡಿ ಟಾರ್ಚ್ ಬಿಟ್ಟ. ಸೀಟನ್ನು ಹಿಡಿದಿಡುವ ಲ್ಯಾಚಿನೊಳಗೆ ಮರಳು, ಎಣ್ಣೆ ಪುಡಿ ಸೇರಿ ಗಾರೆಯಂತೆ ಗಟ್ಟಿಯಾಗಿತ್ತು.

ಅವನ ಮುಖ ಬಾಡಿತು. "ಶೋರೂಮಿನ ಗಾಡಿಗೂ ದಿನಾ ಮಂದಿ, ಮಕ್ಕಳು ಹತ್ತಿ ಇಳೀತಾರ, ಅಲ್ಲೂ ಇದs ಆಗಿರಬೇಕು. ಗಾಡಿಗೆ ಏನರ ಆದ್ರ, ಹಿಂದ ಕೂತವ್ರು ಹೊರಗ ಬರೂದs ಆಗೂದಿಲ್ಲ..."

"ಅದನ್ನೇ ತಾನೇ ಮೊದಲ ದಿನದಿಂದ ಕಿರುಚ್ತಾ ಇರೋದು!"

"ಅಪೂರ್ವ..." ಮೊದಲ ಸಲ ಹೆಸರು ಹಿಡಿದು ಕರೆದ. "ನನಗ ಎರಡು ವಾರ ಕೊಡ್ರಿ. ಈಗ ವಿಡಿಯೋ ಹಾಕಿದ್ರ ಕಂಪನಿ ಅದನ್ನ ಸುಳ್ಳು ಅಂತ ಸಾಧಿಸಾಕ ಕೂಡ್ತದ. ಒಳಗಿಂದ ನಾನs ಬದಲಿ ಮಾಡಿಸ್ತೀನಿ."

ಬೇರೆ ಯಾರು ಕೇಳಿದ್ದರೂ ಅಪೂರ್ವ ಸಾಧ್ಯವಿಲ್ಲ ಎನ್ನುತ್ತಿದ್ದಳು.

"ಸರಿ," ಎಂದಳು.

ರಾತ್ರಿಯೆಲ್ಲ ತನ್ನ ಮೇಲೆ ತನಗೇ ಸಿಟ್ಟು. 'ಯಾಕೆ ಒಪ್ಪಿದೆ? ಕಾರಣ ಸರಿ ಇತ್ತು ಅಂತಲಾ... ಅವನು ಕೇಳಿದ ಅಂತಲಾ?'

ಮಾರನೇ ದಿನವೇ ವಿಜಯವಾಡದಿಂದ ಅಕ್ಕ ಸಹನಾಳ ಫೋನು. ಅಕ್ಕ ಅಲ್ಲಿ ಬ್ಯಾಂಕಿನಲ್ಲಿ ಆಫೀಸರ್. ವರ್ಗವಾಗಿ ಬಂದು ಪಟಮಟದಲ್ಲಿ ಮನೆ ಮಾಡಿದ್ದಳು. ಗಂಡ, ಎರಡು ಮಕ್ಕಳು, ಮಂಡಿನೋವಿನ ಅತ್ತೆ ಅನುಸೂಯಮ್ಮ.

"ಅಪ್ಪೂ, ನಿಮ್ಮ ಭಾವ ಪರಿವಾರ್ ಅಂತ ಕೂತಿದ್ದಾರೆ. ಹೇಗಿದೆಯೇ?"

ಅಪೂರ್ವಳ ನಾಲಿಗೆ ತುದಿಗೆ ಎಲ್ಲವೂ ಬಂತು. ಧೀರಜ್‌ಗೆ ಕೊಟ್ಟ ಮಾತೂ ಬಂತು.

"ಸ್ವಲ್ಪ ತಡಿ ಅಕ್ಕ... ಹೇಳ್ತೀನಿ."

ಮೊದಲ ವಾರ ಧೀರಜ್ ದಿನಾ ಫೋನ್ ಮಾಡಿದ. ಇವತ್ತು ಮೀಟಿಂಗ್, ನಾಳೆ ರಿಪೋರ್ಟ್, ಮ್ಯಾನೇಜರ್ ಕಣ್ಣು ಕೆಂಪು ಮಾಡಿದ, ಮೆಸ್ಸಿನ ಸಾಂಬಾರು ಸಿಹಿ... ಲ್ಯಾಚಿನ ವಿಷಯ ಮುಗಿದ ಮೇಲೂ ಇಬ್ಬರಿಗೂ ಫೋನ್ ಇಡುವ ಮನಸ್ಸಾಗುತ್ತಿರಲಿಲ್ಲ.

ಎರಡನೇ ವಾರ... ಫೋನಿಲ್ಲ. ಮೆಸೇಜಿಗೆ ಉತ್ತರವಿಲ್ಲ. ಕರೆ ಮಾಡಿದರೆ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು.

'ಏನಾಯ್ತು ಇವನಿಗೆ? ಹುಷಾರಿಲ್ವಾ? ಕೆಲಸ ಹೋಯ್ತಾ?'

ಗಡುವು ಮುಗಿದ ಬೆಳಿಗ್ಗೆ ಕಾಫಿ ಹಿಡಿದು ಮೊಬೈಲ್ ನೋಡುತ್ತಿದ್ದಳು. ಪರಿವಾರ್ ಜಾಹೀರಾತು ಬಂತು. ಬಿಳಿ ಕೋಟು ತೊಟ್ಟು ಸೀಟಿನ ಪಕ್ಕ ನಗುತ್ತ ನಿಂತವನು... ಧೀರಜ್! ಕೆಳಗೆ ದಪ್ಪ ಅಕ್ಷರ: ನಿಮ್ಮ ಕುಟುಂಬಕ್ಕಾಗಿ ಪರೀಕ್ಷಿಸಿದ್ದೇವೆ!



'ಎರಡು ವಾರ ಕೇಳಿದ್ದು ಇದಕ್ಕಾ? ನನ್ನ ಬಾಯಿ ಮುಚ್ಚಿಸೋಕಾ? ಸಂಜೆಯೆಲ್ಲ ನನ್ನ ಜೊತೆ ನಕ್ಕಿದ್ದೂ ಡ್ಯೂಟೀನಾ?'

ಅಷ್ಟರಲ್ಲಿ ಅಕ್ಕನ ಫೋನು. "ಅಪ್ಪೂ! ನೆನ್ನೆ ಮುಹೂರ್ತ ಚೆನ್ನಾಗಿತ್ತು, ಗಾಡಿ ತಂದುಬಿಟ್ವಿ! ಪರಿವಾರ್! ದುರ್ಗಮ್ಮನ ಗುಡೀಲಿ ಪೂಜೆನೂ ಆಯ್ತು!"

"ಅಕ್ಕ! ತಡಿ ಅಂದಿದ್ನಲ್ಲ!"

"ಬೇಡ ಅನ್ಲಿಲ್ವಲ್ಲೇ? ನಿನಗೆ ಹಿಡಿಸ್ದೇ ಇದ್ರೆ ಊರೆಲ್ಲ ಕೇಳೋ ಹಾಗೆ ಕೂಗ್ತೀಯ. ಈ ಸಲ ಕೂಗ್ಲಿಲ್ಲ. ಅಂದ್ರೆ ಚೆನ್ನಾಗಿದೆ ಅಂತ ನಿಮ್ಮ ಭಾವನೇ ಲೆಕ್ಕ ಹಾಕಿದ್ರು!"

ಅಪೂರ್ವಳ ಮೌನವನ್ನೇ ಅಕ್ಕ ಮೆಚ್ಚುಗೆ ಅಂದುಕೊಂಡಿದ್ದಳು!

"ಅತ್ತೆನ ಹಿಂದೆ ಕೂರಿಸ್ಬೇಡ! ಮಕ್ಕಳನ್ನೂ ಬೇಡ! ನಾನು ಬರ್ತಾ ಇದ್ದೀನಿ!"

ಸಿಕ್ಕಿದ ರೈಲು ಹತ್ತಿದಳು. ಅನಕಾಪಲ್ಲಿ, ತುನಿ, ರಾಜಮಂಡ್ರಿ... ಗೋದಾವರಿಯ ಸೇತುವೆ ದಾಟುವಾಗ ಎಲ್ಲರೂ ನೀರು ನೋಡುತ್ತಿದ್ದರೆ ಇವಳು ಮನಸ್ಸಿನಲ್ಲೇ ಧೀರಜ್‌ನನ್ನು ಎರಡು ಭಾಷೆಗಳಲ್ಲಿ ಬೈಯುತ್ತಿದ್ದಳು. ಬೈದು ಬೈದು ಅಳು ಬಂತು. ಅದಕ್ಕೆ ಇನ್ನಷ್ಟು ಸಿಟ್ಟು!

ಪಟಮಟದ ಮನೆ ತಲುಪಿದಾಗ ಬಿಸಿಲು ಸುಡುತ್ತಿತ್ತು. ಅಂಗಳದಲ್ಲಿ ಅರಿಶಿನ ಕುಂಕುಮ ಹಚ್ಚಿಕೊಂಡು ಪರಿವಾರ್ ನಿಂತಿತ್ತು.

"ಬಾಮ್ಮಾ," ಎಂದರು ಅನುಸೂಯಮ್ಮ. "ನಿನ್ನ ಮುಖ ಯಾಕೆ ಹಾಗಾಗಿದೆ? ಮೊದಲು ಊಟ ಮಾಡು. ಸರ್ವಿಸ್ ಸೆಂಟರಿಂದ ಫೋನ್ ಬಂದಿತ್ತು, ಗಾಡಿ ತನ್ನಿ, ಏನೋ ಸಣ್ಣ ಅಪ್‌ಡೇಟ್ ಇದೆ ಅಂತ."

"ಒಂದೇ ದಿನದ ಗಾಡಿಗೆ ಅಪ್‌ಡೇಟಾ?" ಅಪೂರ್ವ ಕೀ ಕಸಿದುಕೊಂಡಳು. "ಅಕ್ಕ, ಹತ್ತು! ಮುಂದೆ ಕೂತ್ಕೋ!"

ಸರ್ವಿಸ್ ಸೆಂಟರಿನ ಶೆಡ್ಡಿನಲ್ಲಿ ಪರಿವಾರ್‌ಗಳ ಸಾಲು. ಎಲ್ಲದರ ನಡುವಿನ ಸೀಟೂ ಕಿತ್ತು ಹೊರಗಿಟ್ಟಿದ್ದರು. ಒಂದರೊಳಗಿಂದ ಬೆವರಿ ತೊಪ್ಪೆಯಾದ ಒಬ್ಬ ಹೊರಬಂದ. ಹೆಬ್ಬೆರಳಿಗೆ ಬ್ಯಾಂಡೇಜ್. ಕೆದರಿದ ಕೂದಲು.

"ಅಪೂರ್ವ...?"

"ಬಿಳಿ ಕೋಟು ಎಲ್ಲಿ? ಇಸ್ತ್ರಿಗೆ ಹೋಗಿದ್ಯಾ?"

ಅವನಿಗೆ ಅರ್ಥವಾಯಿತು. "ಆ ಜಾಹೀರಾತು ಗಾಡಿ ಬಿಡೂಕಿಂತ ಮೊದಲ ತಗದದ್ದು. ಆವಾಗ ನನಗೂ ಗೊತ್ತಿರಲಿಲ್ಲ. ಹೊಸ ಲ್ಯಾಚ್ ಮಾಡಿಸೀನಿ. ಮಾರಿದ ಗಾಡಿಗೆಲ್ಲ ಹಾಕಾಕ ಒಪ್ಪಿಸೀನಿ, ಅದಕ್ಕs ಇಲ್ಲಿಗೆ ಬಂದೀನಿ. ಆದ್ರ ಹೊರಗ ಯಾರ ಜೋಡೀನೂ, ಅದರಾಗೂ ವಿಡಿಯೋ ಮಾಡೋರ ಜೋಡಿ ಮಾತಾಡೂ ಹಂಗಿಲ್ಲ ಅಂತ ಸಹಿ ಮಾಡಿಸ್ಕೊಂಡ್ರು. ಸಹಿ ಹಾಕದಿದ್ರ ಲ್ಯಾಚ್ ಬದಲಿ ಆಗ್ತಿರಲಿಲ್ಲ."

"ಒಂದು ಮೆಸೇಜ್? 'ಬದುಕಿದ್ದೀನಿ' ಅಂತ?"

"ಬರೀಬೇಕಂತ ಕೂತಾಗೆಲ್ಲ ಪೂರ್ತಿ ಹೇಳಿಬಿಡ್ತೀನಿ ಅಂತ ಅಂಜಿಕಿ ಆಗ್ತಿತ್ತು."

ಅವಳ ಸಿಟ್ಟು ಅರ್ಧ ಕರಗಿತು. ಅರ್ಧ ಉಳಿಯಿತು. ಆ ಉಳಿದರ್ಧವೇ ಮಾತಾಡಿತು.

"ನೀವು ಸಹಿ ಹಾಕಿ ಸುಮ್ಮನಾದ್ರಿ. ನಾನು ನಿಮ್ಮ ಮಾತು ಕೇಳಿ ಸುಮ್ಮನಾದೆ. ನನ್ನ ಅಕ್ಕ ಆ ಗಾಡಿ ತಗೊಂಡ್ಳು! ಸಣ್ಣ ಅಪ್‌ಡೇಟ್ ಅಂತ ಫೋನ್ ಮಾಡ್ತಾರಂತೆ... ಅಪ್‌ಡೇಟ್ ತಾನೇ, ಆಮೇಲೆ ಹೋಗೋಣ ಅಂತ ಸುಮ್ಮನಿರೋರು ಎಷ್ಟು ಜನ ಧೀರಜ್? ಅವರ ಅಜ್ಜಿಗೆ ಯಾರು ಹೇಳ್ತಾರೆ?"

ಶೆಡ್ಡಿನ ಫ್ಯಾನು ಗರಗರ ಸುತ್ತುತ್ತಿತ್ತು. ಧೀರಜ್ ಕೊರಳಿನ ಐಡಿ ಕಾರ್ಡು ತೆಗೆದು ಜೇಬಿಗೆ ಹಾಕಿಕೊಂಡ.

"ಕ್ಯಾಮೆರಾ ತಗೀರಿ."

"ಕೆಲಸ ಹೋಗುತ್ತೆ."

"ಹೋಗಬಹುದು. ತಗೀರಿ ಅಂದೆ."

ಕಾರಿನ ಬಳಿ ನಿಂತಿದ್ದ ಸಹನಾ, "ಯಾರೇ ಇವರು?" ಎಂದಳು.

"ಆಮೇಲೆ ಹೇಳ್ತೀನಿ ಅಕ್ಕ. ಈ ಸಲ ನಿಜವಾಗ್ಲೂ ಹೇಳ್ತೀನಿ."

ಮನೆಯ ಅಂಗಳಕ್ಕೆ ವಾಪಸ್ಸಾಗಿ ಅಕ್ಕನ ಗಾಡಿಯಲ್ಲೇ ಚಿತ್ರೀಕರಿಸಿದರು. ಧೀರಜ್ ಕೊನೆಯ ಸಾಲಿನಲ್ಲಿ ಕೂತು ತನ್ನ ಹೆಸರು ಹೇಳಿದ, ತಾನು ಪಾಸ್ ಮಾಡಿದ ಸೀಟು ಅಂತಲೂ ಹೇಳಿದ. ಹಳೆಯ ಲ್ಯಾಚು ತೋರಿಸಿದ, ಹೊಸದನ್ನೂ ತೋರಿಸಿದ. ಬದಲಾಯಿಸುವವರೆಗೆ ಹಿಂದೆ ಯಾರನ್ನೂ ಕೂರಿಸಬೇಡಿ ಎಂದ. ತಡಬಡಾಯಿಸುತ್ತ ತೆಲುಗಿನಲ್ಲೂ ಅದನ್ನೇ ಹೇಳಲು ಹೋಗಿ ಸೋತಾಗ ಅಪೂರ್ವ ಪೂರ್ತಿ ಮಾಡಿದಳು. ಕೊನೆಗೆ ಕ್ಯಾಮೆರಾ ತನ್ನ ಕಡೆ ತಿರುಗಿಸಿಕೊಂಡಳು.

"ಈ ಗಾಡಿ ನನ್ನ ಲೆಕ್ಕದಲ್ಲಿ ಫೇಲ್. ಸನ್‌ರೂಫ್ ಇದೆ, ಸ್ಕ್ರೀನ್ ಇದೆ, ಮೂರನೇ ಸಾಲಲ್ಲಿ ಮನುಷ್ಯರು ಇರ್ತಾರೆ ಅನ್ನೋ ನೆನಪೇ ಇಲ್ಲ. ಇದನ್ನ ಎರಡು ವಾರ ಮೊದಲೇ ಹೇಳ್ಬೇಕಿತ್ತು."

ವಿಡಿಯೋ ಅಪ್‌ಲೋಡ್ ಆಗತೊಡಗಿತು. ಪಟಮಟದ ನೆಟ್‌ವರ್ಕ್ ಆಮೆಯಂತೆ ತೆವಳಿತು. ಮೆಟ್ಟಿಲ ಮೇಲೆ ಇಬ್ಬರೂ ಪಕ್ಕಪಕ್ಕದಲ್ಲಿ ಕೂತರು. ಅನುಸೂಯಮ್ಮ ಎರಡು ತಟ್ಟೆ ಪುಳಿಹೋರ ತಂದಿಟ್ಟು, ಇಬ್ಬರ ಮುಖ ನೋಡಿ ಒಳಗೆ ಹೋದರು.

ಧೀರಜ್ ತಟ್ಟೆ ಮುಟ್ಟಲಿಲ್ಲ. ಅವಳ ಮೊಬೈಲನ್ನೇ ನೋಡುತ್ತಿದ್ದ.

"ಪಶ್ಚಾತ್ತಾಪ ಆಗ್ತಿದ್ಯಾ? ಈಗ್ಲೂ ನಿಲ್ಲಿಸ್ಬಹುದು," ಎಂದಳು ಮೆಲ್ಲಗೆ.

"ನಿಲ್ಲಿಸಬ್ಯಾಡ್ರಿ. ಆತಾ?"

"ಇನ್ನೂ ಸ್ವಲ್ಪ... ಹಾಂ, ಆಯ್ತು."

"ಪೂರಾ?"

"ಪೂರಾ. ಆಗ್ಲೇ ಜನ ನೋಡ್ತಿದ್ದಾರೆ."

ಅವನು ಅವಳ ಕಡೆ ತಿರುಗಿದ. "ಹಂಗಾರ ಈಗ ಹೇಳಬಹುದು. ನೀವಂದ್ರ ನನಗ ಭಾಳ ಪ್ರೀತಿ ಅಪೂರ್ವ. ಬೀಚಿನ ಆ ಭಾನುವಾರದಿಂದ. ಆವಾಗs ಹೇಳಿದ್ರ ವಿಡಿಯೋ ತಡೀಲಿಕ್ಕೆ ಕೊಟ್ಟ ಲಂಚ ಅನ್ನಿಸ್ತಿತ್ತು. ಅದಕ್ಕ ಕಾದೆ."

ಅಪೂರ್ವಳ ಕಣ್ಣು ತುಂಬಿತು. ಏನು ಹುಡುಗ ಇವನು! ಇಷ್ಟು ಸಿಟ್ಟು ಬರಿಸಿ, ಇಷ್ಟು ಹತ್ತಿರ ಬರುತ್ತಾನಲ್ಲ!

"ಒಂದು ಷರತ್ತು," ಎಂದಳು. "ಇನ್ಮೇಲೆ ನಿಮಗೋಸ್ಕರ ಅಂತ ಒಂದು ಮಾತೂ ನುಂಗಲ್ಲ."

"ನುಂಗಬ್ಯಾಡ್ರಿ."

"ನೀವೂ ಫೋನ್ ಎತ್ತದೆ ಇರೋ ಹಾಗಿಲ್ಲ."

"ಇಲ್ಲ."

ಅವನ ಜೇಬಿನಲ್ಲಿ ಮೊಬೈಲ್ ಗುಂಯ್‌ಗುಟ್ಟಿತು. ಮ್ಯಾನೇಜರ್. ಇಬ್ಬರೂ ಪರದೆಯನ್ನೇ ನೋಡಿದರು. ಧೀರಜ್ ಎತ್ತಿದ.

"ಹೌದು ಸರ್... ನಾನೇ ಸರ್... ನೋಡಿದ್ರಾ? ನಾಳೆ ಬೆಳಿಗ್ಗೆ ಆಫೀಸಿಗೆ ಬರ್ತೀನಿ ಸರ್." ಇಟ್ಟ. 

ಬ್ಯಾಂಡೇಜ್ ಕಟ್ಟಿದ ಆ ಕೈಯನ್ನು ಅಪೂರ್ವ ತನ್ನೆರಡೂ ಕೈಗಳಲ್ಲಿ ಹಿಡಿದಳು.

"ಭಯ ಆಗ್ತಿದ್ಯಾ?"

"ಭಾಳ."

"ನಾಳೆ ನಾನೂ ಬರ್ತೀನಿ. ಗೇಟಿನ ಹೊರಗೆ ಕೂತಿರ್ತೀನಿ."

"ನೀವ್ಯಾಕ್ರಿ ಬಿಸಿಲಾಗ..."

"ಯಾಕಂದ್ರೆ ನನಗೂ ನೀವಂದ್ರೆ ಪ್ರೀತಿ. ಈಗ ಪುಳಿಹೋರ ತಿನ್ನಿ, ಆರಿ ಹೋಗ್ತಿದೆ."