ಉದ್ಯಾಪನೆಯಾದ ಮೇಲೆ

ಕಂಕುಳಲ್ಲಿ ಸಿಕ್ಕಿದ ಗಂಟನ್ನು ವತ್ಸಲಾ ಮತ್ತೊಮ್ಮೆ ಒತ್ತಿ ನೋಡಿದಳು. ಅದು ಅಲ್ಲೇ ಇತ್ತು! ಹೊರಗೆ ಅತ್ತೆ ವಿಮಲಮ್ಮ, ಸೊಸೆಯ ಕ್ಯಾನ್ಸರ್ ಹೇಳಹೆಸರಿಲ್ಲದಂತೆ ಹೋಯಿತೆಂದು ಪಕ್ಕದ ಮನೆಯವರಿಗೆ ಹೇಳಿಕೊಳ್ಳುತ್ತಿದ್ದರು. ಅದನ್ನು ಕೇಳುತ್ತ ಬಚ್ಚಲಮನೆಯಲ್ಲಿ ನಿಂತವಳಿಗೆ ಬಾಗಿಲು ತೆಗೆಯುವ ಧೈರ್ಯವೂ ಇರಲಿಲ್ಲ...

ವಿಜಯನಗರದ ಆ ಮನೆಯಲ್ಲಿ ಸೊಸೆಯನ್ನು ಗೋಳಾಡಿಸುವ ಅತ್ತೆ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು, ಎದುರು ಮಾತನಾಡಬಹುದಿತ್ತು! ಹಿಂದಿನ ವರ್ಷ ವತ್ಸಲಾಳಿಗೆ ಸ್ತನದ ಕ್ಯಾನ್ಸರ್ ಬಂದಾಗ, ಅವಳು ಗುಣವಾಗುವವರೆಗೆ ಅನ್ನ ಮುಟ್ಟುವುದಿಲ್ಲವೆಂದು ವಿಮಲಮ್ಮ ರಾಯರಿಗೆ ಹರಕೆ ಹೊತ್ತರು. ಸಕ್ಕರೆ ಕಾಯಿಲೆಯ ಜೀವ, ಬರೀ ಹಾಲು ಹಣ್ಣಿನಲ್ಲಿದ್ದು ದೇವರಮನೆಯಲ್ಲೇ ಎಚ್ಚರ ತಪ್ಪಿ ಬಿದ್ದರೂ ಹಟ ಬಿಡಲಿಲ್ಲ. ಆಪರೇಷನ್, ಕೀಮೋ ಎಲ್ಲ ಮುಗಿದು ಸೊಸೆಯ ತಲೆಯಲ್ಲಿ ಕೂದಲು ಮೂಡಿದ ಮೇಲೆ ನೆಂಟರಿಷ್ಟರನ್ನು ಕರೆದು, ಉದ್ಯಾಪನೆ ಮಾಡಿ ವ್ರತ ಮುಗಿಸಿದರು. ಇನ್ನು ತಪಾಸಣೆಗೆ ಹೋದರೆ ರಾಯರನ್ನೇ ಅನುಮಾನಿಸಿದಂತೆ ಎಂದರು. ಮಗ ಶ್ಯಾಮಸುಂದರ ತಲೆಯಾಡಿಸಿದ. ವತ್ಸಲಾಳೂ ಸುಮ್ಮನಾದಳು. ತನಗಾಗಿ ಹಸಿದವರ ಎದುರು ಅವಳಾದರೂ ಹೇಗೆ ಬಾಯಿ ತೆರೆದಾಳು?

ಈಗ ಗಂಟು ಸಿಕ್ಕಿದ ಮೇಲೆ ಮಾರ್ಕೆಟ್ಟಿಗೆಂದು ಸುಳ್ಳು ಹೇಳಿ ಆಸ್ಪತ್ರೆಗೆ ಓಡಾಡಿದಳು. ಕಾಯಿಲೆ ಮರುಕಳಿಸಿದ್ದು ಪರೀಕ್ಷೆಯಲ್ಲಿ ಖಚಿತವಾಯಿತು. ಅಷ್ಟೆಲ್ಲ ಔಷಧಿ ತೆಗೆದುಕೊಂಡೂ ಹೇಗೆ ಬಂತೆಂದು ಅತ್ತಳು.

"ಔಷಧಿ ಬೇಗ ಬೇಗ ಬೆಳೆಯೋ ಕೋಶಗಳನ್ನ ಕೊಲ್ಲುತ್ತಮ್ಮ" ಎಂದರು ಡಾಕ್ಟರು. "ಗಡ್ಡೆಗೆ ಮೂಲವಾದ ಕೆಲವು ಕೋಶಗಳು ನಿದ್ದೆ ಮಾಡಿದ ಹಾಗೆ ಸುಮ್ಮನಿರುತ್ವೆ. ಅವಕ್ಕೆ ಔಷಧಿ ಅಷ್ಟಾಗಿ ತಾಗಲ್ಲ. ಗರಿಕೆ ಕೊಯ್ದ್ರೂ ಬೇರು ಉಳಿಯಲ್ವಾ, ಹಾಗೆ. ಈಚೆಗೆ ವಿಜ್ಞಾನಿಗಳು ಹಾಗಂತಾರೆ. ನಿಮ್ಮದೂ ಅದೇ ಇರಬಹುದು."

ಆ ಬೇರನ್ನೇ ಕೀಳುವ ಔಷಧಿ ಇನ್ನೂ ಬಂದಿಲ್ಲ, ಆದರೂ ತಡಮಾಡದೆ ಚಿಕಿತ್ಸೆ ಶುರುಮಾಡಿದರೆ ತಡೆದು ನಿಲ್ಲಿಸಬಹುದು ಎಂದರು. ಬಸ್ಸಿನಲ್ಲಿ ಕೂತ ವತ್ಸಲಾಳಿಗೆ ಎತ್ತ ಹೋದರೂ ದಾರಿಯಿರಲಿಲ್ಲ. ಹೇಳಿದರೆ ಅತ್ತೆ ಮತ್ತೆ ಅನ್ನ ಬಿಡುತ್ತಾರೆ, ಈ ಸಲ ಆ ಜೀವ ಉಳಿಯುವುದಿಲ್ಲ. ಹೇಳದಿದ್ದರೆ ತಾನು ಉಳಿಯುವುದಿಲ್ಲ...

ಮಧ್ಯಾಹ್ನ ಊಟಕ್ಕೆ ಬಡಿಸಿ, ಗಂಡನೂ ಇದ್ದಾಗ ಎಲ್ಲವನ್ನೂ ಹೇಳಿಬಿಟ್ಟಳು. ಶ್ಯಾಮಸುಂದರ ಮುಖ ಮುಚ್ಚಿಕೊಂಡ. ವಿಮಲಮ್ಮ ತಟ್ಟೆ ಸರಿಸಿದರು.

"ನನ್ನ ವ್ರತದಲ್ಲೇ ಏನೋ ಲೋಪ ಆಗಿದೆ ಕಣೇ. ಇವತ್ತಿಂದ ಮತ್ತೆ ಅನ್ನ ಬಿಟ್ಟೆ."

"ಲೋಪ ಯಾರದ್ದೂ ಅಲ್ಲ ಅತ್ತೆ. ಮಲಗಿದ್ದ ರೋಗ ಎದ್ದಿದೆ, ಅಷ್ಟೆ." ವತ್ಸಲಾ ತಟ್ಟೆಯನ್ನು ಮತ್ತೆ ಅವರ ಮುಂದೆ ತಳ್ಳಿದಳು. "ನೀವು ಊಟ ಬಿಟ್ರೆ ನಾನು ಆಸ್ಪತ್ರೆಗೆ ಹೋಗಲ್ಲ. ರಾಯರಾಣೆಗೂ ಹೋಗಲ್ಲ."

ವಿಮಲಮ್ಮ ಸೊಸೆಯ ಮುಖವನ್ನೇ ನೋಡಿದರು. "ನಾನು ತಿಂದು, ನಿನಗೇನಾದ್ರೂ ಆದ್ರೆ... ನಾನೇ ಕೊಂದ ಹಾಗೆ ಆಗಲ್ವೇನೇ?"

ವತ್ಸಲಾ ಮೊಸರನ್ನ ಕಲಸಿ ಅತ್ತೆಯ ಅಂಗೈಗೆ ತುತ್ತಿಟ್ಟಳು. ವಿಮಲಮ್ಮ ಬಿಕ್ಕುತ್ತಲೇ ಅದನ್ನು ನುಂಗಿದರು. ನಾಳೆ ತನಗೇನೇ ಆದರೂ ಈ ತುತ್ತನ್ನು ಅವರು ಸಾಯುವವರೆಗೂ ಪಾಪವೆಂದೇ ಹೊರುತ್ತಾರೆ ಎಂದು ವತ್ಸಲಾಳಿಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೊಂದು ತುತ್ತು ಇಟ್ಟಳು.