ಪಿಟೀಲು ಕುಯ್ಯುವ ಸೊಸೆ

"ಆಗಲಿ, ಬರ್ತೀನಿ. ನಿಮ್ಮಮ್ಮನಿಗೆ ಹೋಗಿ ಹೇಳಿ, ನಿನ್ನ ಸೊಸೆ ಕುಯ್ಯೋಕೆ ಬರ್ತಾಳಂತೆ ಅಂತ!"

ಒದ್ದೆ ಕೈ ಒರೆಸಿಕೊಳ್ಳುತ್ತ ಹೆಂಡತಿ ಹೀಗೆಂದಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಂಡನಿಗೆ ನಂಬಲಾಗಲಿಲ್ಲ. ಅತ್ತೆಯ ಮಾತೆತ್ತಿದರೆ ಪಾತ್ರೆ ಕುಕ್ಕುವವಳು ಇಷ್ಟು ಸುಲಭವಾಗಿ ಒಪ್ಪುವುದೆಂದರೇನು!

"ಅಮ್ಮನ ಕೊನೇ ಕಛೇರಿ ಕಣೇ. ಹಾಡ್ತಾ ಹಾಡ್ತಾ ಸಾಲು ಮರೆತುಬಿಡ್ತಾಳೆ ಅಂತ ಪಕ್ಕದಲ್ಲಿ ಪಿಟೀಲಿಗೆ ಕೂರೋಕೆ ಯಾರೂ ಒಪ್ತಿಲ್ಲ. ನೀನು ಹಳೇದೆಲ್ಲ ಮನಸ್ಸಲ್ಲಿ ಇಟ್ಕೊಂಡು..."

"ಇಟ್ಕೊಂಡಿದೀನಿ. ಜೋಪಾನವಾಗಿ ಇಟ್ಕೊಂಡಿದೀನಿ!"

ಇಟ್ಟುಕೊಳ್ಳದೆ ಏನು ಮಾಡಿಯಾಳು? ಅತ್ತೆ ಹೆಸರಾಂತ ಶಾಸ್ತ್ರೀಯ ಗಾಯಕಿ. ಆಕೆಯ ಬಾಯಲ್ಲಿ ಊರಿನವರೆಲ್ಲ ಪಿಟೀಲು ನುಡಿಸುವವರು, ಸೊಸೆ ಮಾತ್ರ ಕುಯ್ಯುವವಳು. "ಎಲ್ಲಿ ಆ ಕುಯ್ಯೋಳು? ಕಾಫಿ ಕೊಡೋಕೆ ಹೇಳಿ." ಹಸುಗೂಸು ರಚ್ಚೆ ಹಿಡಿದ ದಿನ, ತನ್ನ ತಾಯಿ ಹಾಡುತ್ತಿದ್ದ ಜೋಗುಳವನ್ನು ಪಿಟೀಲಿನಲ್ಲಿ ಹಿಡಿದರೆ, "ಆ ಹೊಲದ ಹಾಡು ಕೇಳಿ ಮಗೂ ಕಿವಿ ಕೆಡುತ್ತೆ" ಎಂದು ಅತ್ತೆ ಬಾಗಿಲನ್ನೇ ಎಳೆದುಕೊಂಡಿದ್ದಳು. ಅದನ್ನೂ ನುಂಗಿಕೊಂಡಳು. ಆದರೆ ಒಮ್ಮೆ ತುಂಬಿದ ಸಭೆಯಲ್ಲಿ ಅತ್ತೆಯ ಪಕ್ಕ ಪಿಟೀಲಿಗೆ ಕೂತಿದ್ದಾಗ, ಹಾಡು ಏರುತ್ತಿದ್ದ ಹೊತ್ತಿನಲ್ಲಿ, ಅತ್ತೆ ಅವಳ ತಂತಿಗಳ ಮೇಲೆ ಅಂಗೈ ಇಟ್ಟು "ಸಾಕಮ್ಮ, ಕುಯ್ದದ್ದು" ಎಂದುಬಿಟ್ಟಳು. ಸಭೆ ಗೊಳ್ಳೆಂದಿತು. ಆ ನಗು... ಇಂದಿಗೂ ಒಲೆ ಹಚ್ಚುವಾಗ, ಮಗಳ ಜಡೆ ಹೆಣೆಯುವಾಗ ಕಿವಿಯಲ್ಲಿ ಮೊಳಗುವ ಆ ನಗು!

ಮರುದಿನವೇ ಗಂಡ, ಮಗುವಿನೊಂದಿಗೆ ಬೇರೆ ಮನೆ ಮಾಡಿದಳು. ಹೋಟೆಲೊಂದರ ಜಾಝ್ ತಂಡ ಸೇರಿದಳು. ಅಲ್ಲಿನ ಡ್ರಮ್ಮಿನವನು ಮೊದಲ ದಿನವೇ ಗುಟ್ಟು ಹೇಳಿಕೊಟ್ಟ: "ಸ್ವರ ತಪ್ಪಿದ್ರೆ ಇನ್ನೊಂದ್ಸಲ ಹಾಗೇ ತಪ್ಪಿಬಿಡಕ್ಕ. ಬೇಕೂಂತಲೇ ನುಡಿಸಿದ್ದು ಅಂದ್ಕೋತಾರೆ!" ಆಮೇಲೆ ಹೊಲಗಳಲ್ಲಿ ಹಾಡುವ ಮುದುಕಿಯರ ಬೆನ್ನು ಹತ್ತಿ ಅಲೆದಳು. ಅಲ್ಲಿ ದೊಡ್ಡವರು ಚಿಕ್ಕವರೆಂಬುದಿಲ್ಲ; ಯಾರು ಮೊದಲು ಹಾಡು ಎತ್ತುತ್ತಾರೋ ಉಳಿದವರೆಲ್ಲ ಅವರ ಹಿಂದೆ. ಹೆಸರು ಬಂತು. ಆದರೆ ಅತ್ತೆ ಒಮ್ಮೆಯೂ ಬಂದು ಕೇಳಲಿಲ್ಲ. "ತಟ್ಟೆ ಲೋಟದ ಸದ್ದಿನ ಮಧ್ಯೆ ಕುಯ್ಯೋದನ್ನ ನಾನು ಕೇಳೋದೆ?" ಎಂದಳಂತೆ.

ಈಗ ಸಿಕ್ಕಿದ್ದಾಳೆ. ಅತ್ತೆ ಸಾಲು ಮರೆತ ಕ್ಷಣದಲ್ಲೇ ಕಮಾನು ಎತ್ತಿ ಸುಮ್ಮನೆ ಕೂರುವುದು. ಅಷ್ಟೇ!

ಆ ಕ್ಷಣ ಬಂದೇ ಬಂತು. ಹಾಡಿನ ನಡುವೆ ಅತ್ತೆಯ ದನಿ ತಪ್ಪು ಸ್ವರಕ್ಕೆ ಜಾರಿ ನಿಂತುಹೋಯಿತು. ಸೊಸೆ ಕಮಾನು ಎತ್ತಿದಳು. ಅತ್ತೆ ತೊಡೆಯ ಮೇಲೆ ಬರೀ ತಾಳ ಹಾಕುತ್ತ ಸಾಲು ಹುಡುಕುತ್ತಿದ್ದಳು... ಆಗ ಮುಂದಿನ ಸಾಲಿನಿಂದ ಯಾರೋ ಲೊಚಗುಟ್ಟಿದರು. "ಪಾಪ, ವಯಸ್ಸಾಯ್ತು."

ಪಾಪವಂತೆ! ಸೊಸೆಯ ಮೈ ಉರಿಯಿತು. ಈ ಹೆಂಗಸು ಪಾಪ ಅನ್ನಿಸಿಕೊಂಡು ಸುಲಭವಾಗಿ ಪಾರಾಗುವುದೆ? ಸಾಧ್ಯವಿಲ್ಲ!

ಕಮಾನು ತಂತಿಗೆ ಬಿತ್ತು. ಅತ್ತೆ ತಪ್ಪಿದ ಸ್ವರವನ್ನೇ ಅವಳು ಇನ್ನೊಮ್ಮೆ ನುಡಿಸಿದಳು, ಮತ್ತೂ ಒಮ್ಮೆ, ಬೇಕೆಂದೇ ತಪ್ಪಿದಂತೆ. ಅಲ್ಲಿಂದ ಜೋಗುಳ ಎತ್ತಿದಳು. ಬಾಗಿಲ ಹಿಂದೆ ಉಳಿದಿದ್ದ ಅದೇ ಜೋಗುಳ! ಅತ್ತೆ ಬೆಚ್ಚಿ ತಿರುಗಿದಳು. ಸೊಸೆಯ ಕಣ್ಣು 'ಬನ್ನಿ, ಈಗ ನೀವು ನನ್ನ ಹಿಂದೆ ಬನ್ನಿ' ಎನ್ನುತ್ತಿತ್ತು. ಅತ್ತೆಗೆ ಬೇರೆ ದಾರಿಯಿರಲಿಲ್ಲ. ಪದ ಗೊತ್ತಿಲ್ಲದ ಆ ಹೊಲದ ಹಾಡನ್ನು ಬರೀ ದನಿಯಲ್ಲಿ ಹಿಂಬಾಲಿಸಿದಳು... ಹಿಂಬಾಲಿಸುತ್ತ ಹೋದಂತೆ ಮರೆತ ಸಾಲು ತಾನಾಗಿ ಬಾಯಿಗೆ ಬಂತು.

ಕಛೇರಿ ಮುಗಿದು ಒಳಕೋಣೆಯಲ್ಲಿ ಇಬ್ಬರೇ ಉಳಿದಾಗ ಅತ್ತೆ ಕೇಳಿದಳು.

"ಅದೇನದು, ನಡುವೆ ನೀನು ಕುಯ್..." ನಾಲಿಗೆ ತಡೆಯಿತು. "...ನುಡಿಸಿದ್ದು?"

ಇಷ್ಟು ವರ್ಷ ಕಾದ ಪದ! ಅಳು ಒತ್ತರಿಸಿ ಬಂತು. ಆದರೆ ಈಕೆಯ ಮುಂದೆ ಅಳುವುದೆ?

"ನುಡಿಸಿದ್ದಲ್ಲ ಅತ್ತೆ, ಕುಯ್ದದ್ದು. ನಮ್ಮಮ್ಮನ ಜೋಗುಳ. ನೀವೂ ಹಾಡಿದ್ರಲ್ಲ. ಕಿವಿ ಕೆಟ್ಟಿಲ್ಲ ತಾನೆ?"

ಅತ್ತೆ ತಲೆ ತಗ್ಗಿಸಿದಳು. ಹೊದ್ದ ಶಾಲನ್ನು ಮಡಿಸುತ್ತ, "ಅದರ ಕೊನೇ ಸಾಲು ನಂಗೆ ಸಿಗಲಿಲ್ಲ... ಹೇಳ್ಕೊಡ್ತೀಯಾ?"

"ಶನಿವಾರ ಹೋಟೆಲಿಗೆ ಬನ್ನಿ. ಟಿಕೆಟ್ ತಗೊಂಡು ಬನ್ನಿ. ಬಿಟ್ಟಿ ಬಿಡಲ್ಲ!"

ಶನಿವಾರ ಅತ್ತೆ ಬಂದಳು. ತಟ್ಟೆ ಲೋಟಗಳ ಸದ್ದಿನ ನಡುವೆ ಟಿಕೆಟ್ಟನ್ನು ಮುಷ್ಟಿಯಲ್ಲಿ ಹಿಡಿದು, ಮೊಮ್ಮಗಳ ಪಕ್ಕ ಮುದುಡಿ ಕುಳಿತಳು. ಡ್ರಮ್ಮಿನವನು ಬಗ್ಗಿ ಪಿಸುಗುಟ್ಟಿದ.

"ಯಾರಕ್ಕ ಆ ಅಜ್ಜಿ? ತಪ್ಪು ಜಾಗದಲ್ಲಿ ತಾಳ ಹಾಕ್ತಿದಾರೆ."

"ಇನ್ನೊಂದ್ಸಲ ಹಾಕಲಿ ಬಿಡು, ಸರಿಹೋಗುತ್ತೆ."

ಎಲ್ಲಕ್ಕೂ ಕೊನೆಗೆ ಅವಳು ಜೋಗುಳ ಎತ್ತಿದಳು. ಅತ್ತೆಯ ಕಣ್ಣಿಂದ ನೀರು ಇಳಿಯುತ್ತಿತ್ತು. ತುಟಿ ಕೊನೆಯ ಸಾಲಿಗಾಗಿ ಕಾದು ತೆರೆದೇ ಇತ್ತು. ಆ ಸಾಲು ಬರುವ ಹೊತ್ತಿಗೆ ಸರಿಯಾಗಿ ಸೊಸೆ ಕಮಾನು ಎತ್ತಿಬಿಟ್ಟಳು.

ಮುಂದಿನ ಶನಿವಾರಕ್ಕೂ ಟಿಕೆಟ್ ಕೊಳ್ಳಲಿ, ಮುದುಕಿ!