ಗಂಜಿ ಹಾಕಿದ ಪ್ಯಾರಾಚೂಟು

ಉಮಾಮಹೇಶ್ವರಿ ಟೀಚರು ಕಿತ್ತಳೆ ಬಣ್ಣದ ವಾಯಿಲ್ ಬಟ್ಟೆಯನ್ನು ಟೇಬಲ್ಲಿನ ಮೇಲೆ ಹರಡಿ, "ಇದನ್ನ ದುಂಡಗೆ ಕತ್ತರಿಸಿ. ಒಂದಡಿ ಅಗಲ ಸಾಕು. ಅಂಚಿಗೆ ಎಂಟು ದಾರ ಹೊಲೀಬೇಕು," ಎಂದಾಗ ಟೈಲರ್ ಅಡವೀಶನ ಎದೆ ಧಸಕ್ಕೆಂದಿತು.

ದುಂಡಗಿನ ಮೆತ್ತನೆ ಬಟ್ಟೆ, ಕಟ್ಟೋಕೆ ದಾರ. ಇನ್ನೇನು, ಎಳೆಮಗುವಿನ ಕುಲಾವಿ! ಅಲ್ಲಿಗೆ ಮುಗಿಯಿತು ಕಥೆ.

ಅವನ ಕಥೆ ಜೂನ್ ತಿಂಗಳಲ್ಲಿ ಶುರುವಾಗಿತ್ತು. ಕುಣಿಗಲ್ಲಿನ ಈ ಹುಡುಗಿ ಗುಬ್ಬಿಯ ಹೆಣ್ಣುಮಕ್ಕಳ ಹೈಸ್ಕೂಲಿಗೆ ಸೈನ್ಸ್ ಟೀಚರಾಗಿ ಬಂದಂದಿನಿಂದ, ದಿನಾ ಬೆಳಗ್ಗೆ ಒಂಬತ್ತೂ ಮುಕ್ಕಾಲಿಗೆ ಅಡವೀಶನ ಟೈಲರ್ ಅಂಗಡಿಯ ಮುಂದೆ ಹಾದುಹೋಗುತ್ತಿದ್ದಳು. ಸರಿಯಾಗಿ ಅದೇ ಹೊತ್ತಿಗೆ ಅವನಿಗೆ ಸೂಜಿಗೆ ದಾರ ಪೋಣಿಸುವ ಕೆಲಸ ಬೀಳುತ್ತಿತ್ತು. ದಾರ ಪೋಣಿಸಲು ಬೆಳಕು ಬೇಕು, ಬೆಳಕು ಬೇಕೆಂದರೆ ಬಾಗಿಲಿಗೆ ಬರಬೇಕು. ಅವಳು ಬೀದಿಯ ತಿರುವು ದಾಟುವ ತನಕ ಆ ದಾರ ಸೂಜಿಯೊಳಕ್ಕೆ ಹೋಗುತ್ತಲೇ ಇರಲಿಲ್ಲ.

"ಮಾಡ್ಕೊಡ್ತೀನಿ ಬಿಡಿ ಟೀಚ್ರೇ," ಎಂದ, ಅಳತೆ ಟೇಪು ಎಳೆದುಕೊಂಡು. "ಮಗು ಗಂಡೋ, ಹೆಣ್ಣೋ?"

"ಯಾವ ಮಗು?"

"ಅದೇ... ನಿಮ್ಮ ಮಗು. ಕುಲಾವಿ ಇದು, ಅಲ್ವಾ?"

ಉಮಾ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು ನೋಡಿ, ಪಕ್ಕದ ಬಳೆ ಅಂಗಡಿಯವರೂ ಇಣುಕಿದರು.

"ಅಯ್ಯೋ ದೇವ್ರೇ! ನಂಗಿನ್ನೂ ಮದ್ವೇನೇ ಆಗಿಲ್ಲ ಕಣ್ರೀ!"

ಇಷ್ಟು ಒಳ್ಳೆಯ ಸುದ್ದಿಯನ್ನು ಅಡವೀಶ ಆ ವರ್ಷವೆಲ್ಲ ಕೇಳಿರಲಿಲ್ಲ.

"ಇದು ಪ್ಯಾರಾಚೂಟು. ನನ್ನ ರಾಕೆಟ್ಟಿಗೆ," ಎಂದಳು ಅವಳು.

"ದೀಪಾವಳಿ ರಾಕೆಟ್ಟಿಗಾ?"

"ಅದಕ್ಕೆ ಹೋಗೋದೊಂದೇ ಗೊತ್ತು. ನಂದು ವಾಪಸ್ಸೂ ಬರತ್ತೆ."

ಹಾಗೆ ಹೇಳುವಾಗ ಅವಳ ಕಣ್ಣು ಹೊಳೆದದ್ದನ್ನು ಅವನು ಕಂಡ. ಆ ವರ್ಷ ಜುಲೈ ತಿಂಗಳಲ್ಲಿ ನಮ್ಮ ದೇಶದ್ದೇ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಹೊತ್ತು ಮೇಲೆ ಹೋದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದಂದಿನಿಂದ ಅವಳಿಗೆ ಇದೇ ಹುಚ್ಚು ಹಿಡಿದಿತ್ತು. ತುಮಕೂರಿನ ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳಿದ್ದ ಹೊನ್ನಯ್ಯ ಮೇಷ್ಟ್ರ ಬಳಿ, ಯಾರೋ ಹೊರದೇಶದ ಗೆಳೆಯರು ಕೊಟ್ಟ ಬೆರಳುದ್ದದ ಮೂರು ಮೋಟಾರುಗಳಿದ್ದವು. ರಾಕೆಟ್ಟನ್ನು ಮೇಲಕ್ಕೆ ತಳ್ಳುವ ಮದ್ದು ಅದರೊಳಗೇ. "ಮಾಡಿ ನೋಡಮ್ಮ, ಆದರೆ ಹುಷಾರು," ಎಂದು ಮೂರನ್ನೂ ಅವಳ ಕೈಗಿಟ್ಟಿದ್ದರು. ಮಿಕ್ಕದ್ದೆಲ್ಲ ಅವಳದೇ ಕೈಕೆಲಸ. ರೂಲುದೊಣ್ಣೆಗೆ ಕಾಗದ ಸುತ್ತಿ ಅಂಟಿಸಿದ ಕೊಳವೆ, ಬೆಂಡಿನಲ್ಲಿ ಕೆತ್ತಿದ ಮೂಗು, ರಟ್ಟಿನ ಮೂರು ರೆಕ್ಕೆ.

"ಮೇಲೆ ಹೋದ್ಮೇಲೆ ಒಳಗಿಂದ ಇನ್ನೊಂದು ಸಣ್ಣ ಢಬ್ ಆಗತ್ತೆ," ಎಂದು ವಿವರಿಸಿದಳು. "ಆಗ ಮೂಗು ಕಳಚ್ಕೊಂಡು ಇದು ಈಚೆಗೆ ಬಂದು ಅರಳ್ಕೋಬೇಕು. ಅರಳಲಿಲ್ವೋ, ನೆಲಕ್ಕೆ ಹೊಡ್ಕೊಂಡು ಚಟ್ನಿ."

"ನೀವು ನಿಶ್ಚಿಂತೆಯಿಂದಿರಿ. ನನ್ನ ಹೊಲಿಗೆ ಹಂಗೆಲ್ಲ ಕೈ ಕೊಡಲ್ಲ," ಎಂದ ಅಡವೀಶ.

ಕೈ ಕೊಟ್ಟಿದ್ದು ಹೊಲಿಗೆಯಲ್ಲ ಬಿಡಿ.

ಅಡವೀಶನ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿಯಿತ್ತು. ಎಲ್ಲ ಬಟ್ಟೆಗೂ ಇಸ್ತ್ರಿ ಮಾತ್ರ. ಮದುವೆ ಗಂಡಿನ ಜುಬ್ಬ ಬಂದರೆ ಮಾತ್ರ ಅದಕ್ಕೆ ಅನ್ನದ ಗಂಜಿ ಬಸಿದು, ಅದ್ದಿ, ಒಣಗಿಸಿ, ಗರಿಗರಿ ಇಸ್ತ್ರಿ ಮಾಡಿ ಕೊಡುವುದು. ಆ ಕೆಲಸ ಅವನ ಅವ್ವ ಸಿದ್ದಲಕ್ಷ್ಮಮ್ಮನದು.

ಪ್ಯಾರಾಚೂಟು ಹೊಲಿದು ಮುಗಿಸಿ ಕೈಯಲ್ಲಿ ಹಿಡಿದಾಗ ಅವನಿಗೆ ಸಮಾಧಾನವಾಗಲಿಲ್ಲ. ಅವಳ ರಾಕೆಟ್ಟಿನಿಂದ ಈಚೆ ಬರುವಂಥದ್ದು ಹೀಗೆ ಮುದುಡಿದ ಕರ್ಚೀಫಿನ ಥರ ಇದ್ದರೆ ಹೇಗೆ? ಅಡುಗೆಮನೆಗೆ ಹೋಗಿ ತಾನೇ ಗಂಜಿ ಬಸಿದ.

"ಏನ್ಲಾ ಇದು, ಯಾರ್ ಮದ್ವೆ?" ಎಂದಳು ಅವ್ವ.

"ಯಾರ್ದೂ ಇಲ್ಲ ಕಣವ್ವ, ಸುಮ್ಕಿರು."

ಅವ್ವ ಮಗನ ಕಿವಿ ಕೆಂಪಾಗಿದ್ದನ್ನು ನೋಡಿಟ್ಟುಕೊಂಡಳು.

ಮೊದಲ ಸಲ ಉಮಾ ಹತ್ತನೇ ಕ್ಲಾಸಿನ ಹುಡುಗಿಯರನ್ನು ಕರೆದುಕೊಂಡು ಊರಾಚೆಯ ಬಿದರೆಹಳ್ಳಿ ಕಾವಲಿನ ಬಯಲಿಗೆ ಹೋಗಿ ರಾಕೆಟ್ಟು ಹಾರಿಸಿದಳು. ಸೋಮವಾರ ಅಂಗಡಿಗೆ ಬಂದಾಗ ಕೈಯಲ್ಲಿ ಮೂಗು ಜಜ್ಜಿದ ಕೊಳವೆಯಿತ್ತು.

"ಎಷ್ಟು ಚೆನ್ನಾಗಿ ಮೇಲೆ ಹೋಯ್ತು ಗೊತ್ತಾ? ಪ್ಯಾರಾಚೂಟು ಈಚೆಗೂ ಬಂತು. ಆದ್ರೆ ಅರಳಲೇ ಇಲ್ಲ. ನಾನು ಮಡಚಿದ್ದೇ ಸರಿ ಇಲ್ಲ ಅನ್ಸತ್ತೆ."

"ನಂಗೂ ಮಡಚೋದು ಹೇಳ್ಕೊಡಿ. ಬಟ್ಟೆ ಮಡಚೋದೇ ನಮ್ಮ ಕಸುಬಲ್ವಾ?"

ಇಬ್ಬರೂ ಟೇಬಲ್ಲಿನ ಎರಡು ಬದಿಗೆ ನಿಂತು ಮಡಚಿದರು. ಮೊದಲು ಅರ್ಧಕ್ಕೆ, ಆಮೇಲೆ ಕಾಲು ಭಾಗಕ್ಕೆ, ದಾರಗಳನ್ನು ಒಳಗಿಟ್ಟು ಸುರುಳಿ. ನಡುವೆ ಅವಳ ಬೆರಳು ಅವನ ಬೆರಳಿಗೆ ತಗುಲಿತು. ಅವಳು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. "ಗಟ್ಟಿಯಾಗಿ ಹಿಡ್ಕೋಬೇಡಿ, ಹಗೂರಕ್ಕೆ," ಎಂದಳು, ತಲೆ ಎತ್ತದೆ. ಬಟ್ಟೆಯ ವಿಷಯವೇ ಇರಬೇಕು ಎಂದುಕೊಂಡರೂ ಆ ಮಾತು ಅವನ ತಲೆಯಲ್ಲಿ ಎರಡು ದಿನ ಸುತ್ತಿತು.

"ಮುಂದಿನ ಭಾನುವಾರ ನೀವೂ ಬನ್ನಿ," ಎಂದು ಹೋಗುವಾಗ ಕರೆದಳು.

ಖುಷಿಯಲ್ಲಿ ಆ ಪುಣ್ಯಾತ್ಮ ಏನು ಮಾಡಿದ ಅಂತೀರಿ? ಪ್ಯಾರಾಚೂಟನ್ನು ಒಗೆದು, ಹಿಂದಿನ ಸಲಕ್ಕಿಂತ ಗಟ್ಟಿ ಗಂಜಿಯಲ್ಲಿ ಅದ್ದಿ, ಅವಳು ಹೇಳಿಕೊಟ್ಟ ಮಡಿಕೆಯಲ್ಲೇ ಮಡಚಿ ಅದರ ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದ.

ಕಾವಲಿನಲ್ಲಿ ಕಣ್ಣು ಹಾಯುವಷ್ಟು ದೂರ ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಗಿಡ. ಅಡವೀಶ ಮಡಚಿ ತಂದಿದ್ದನ್ನು ಬಿಚ್ಚದೆ ಹಾಗೇ ಕೊಳವೆಗೆ ತುಂಬಿ, ನೆಲಕ್ಕೆ ನೆಟ್ಟ ಕಬ್ಬಿಣದ ಸರಳಿಗೆ ರಾಕೆಟ್ಟು ಸಿಕ್ಕಿಸಿ, ಉದ್ದನೆಯ ವೈರು ಎಳೆದು, ಎಲ್ಲರನ್ನೂ ದೂರ ನಿಲ್ಲಿಸಿ, ಉಮಾ ಟಾರ್ಚಿನ ಸೆಲ್ಲುಗಳ ಪೆಟ್ಟಿಗೆ ಹಿಡಿದು ಕೂತಳು. ಹುಡುಗಿಯರು ಐದರಿಂದ ಒಂದರವರೆಗೆ ಕೂಗಿದರು.

ಸುಯ್ಯೆಂದು ಹೋಯಿತು! ಅಡವೀಶ ಬಾಯಿ ತೆರೆದು ನಿಂತ. ಮೇಲೆ ಢಬ್ ಎಂದಿತು, ಮೂಗು ಕಳಚಿತು, ಕಿತ್ತಳೆ ಬಣ್ಣದ್ದೇನೋ ಈಚೆ ಬಂತು. ಬಂದದ್ದು ಹಾಗೇ ಗಂಟಾಗಿ ಉಳಿಯಿತು. ರಾಕೆಟ್ಟು ದಡಬಡ ಬಂದು ನೆಲಕ್ಕೆ ಬಡಿಯಿತು.

ಓಡಿಹೋಗಿ ಎತ್ತಿದವನು ಅವನೇ. ಪ್ಯಾರಾಚೂಟು ಅವನು ಇಸ್ತ್ರಿ ಮಾಡಿದ ಮಡಿಕೆಯಲ್ಲೇ ಗರಿಗರಿಯಾಗಿ ಕೂತಿತ್ತು. ಉಗುರು ಹಾಕಿ ಬಿಡಿಸಿದರೆ ಚರ್ ಎಂದು ಸದ್ದಾಯಿತು. ಇದು ಗಂಜಿಯ ಕೆಲಸ, ಅಂದರೆ ಅವನದೇ.

"ನನ್ನಿಂದ ಆಗಲ್ಲ ಇದು," ಎಂದಳು ಉಮಾ, ಹಿಂದೆಯೇ ಬಂದು. ಕಣ್ಣಂಚು ಒದ್ದೆಯಾಗಿತ್ತು. "ಎಲ್ಲೋ ನನ್ನ ಲೆಕ್ಕಾನೇ ತಪ್ಪು. ಬರೋ ಭಾನುವಾರ ತುಮಕೂರಿಗೆ ಹೋಗಿ, ಉಳಿದಿರೋ ಒಂದು ಮೋಟಾರನ್ನ ಮೇಷ್ಟ್ರಿಗೆ ವಾಪಸ್ ಕೊಟ್ಬಿಡ್ತೀನಿ."

ಹೇಳಿಬಿಡಬೇಕಿತ್ತು. ಬದಲಿಗೆ ಪ್ಯಾರಾಚೂಟನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. ಹೇಳಿದರೆ ಈ ಹುಡುಗಿ ಮತ್ತೆ ಅಂಗಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ಹೇಳದಿದ್ದರೆ ಅವಳು ರಾಕೆಟ್ಟನ್ನೇ ಬಿಡುತ್ತಾಳೆ.

ಆ ವಾರ ಗಿರಾಕಿ ಕದರಯ್ಯನವರ ಷರ್ಟಿಗೆ ಎರಡೂ ಎಡಗೈ ತೋಳು ಹೊಲಿದ. ಶನಿವಾರ ಅವ್ವ ತಡೆಯಲಾರದೆ ಕೇಳಿದಳು. ಅವನು ಎಲ್ಲವನ್ನೂ ಹೇಳಿದ.

"ಥೂ ನಿನ್ನ! ಮದ್ವೆ ಗಂಡಿನ ಗಂಜಿ ತಗೊಂಡೋಗಿ ರಾಕೆಟ್ಟಿಗೆ ಹಾಕಿದ್ಯಾ?" ಅವ್ವ ನಗು ತಡೆದುಕೊಂಡಳು. "ಹೋಗಿ ಒಪ್ಕೊ. ಬೈದ್ರೆ ಬೈಸ್ಕೊ. ಆ ಹೆಣ್ಮಗಾ ತನ್ನನ್ನೇ ಬೈಕೊಂಡು ಕೊರಗ್ಬೇಕಾ?"

ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ತುಮಕೂರು ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ ಅಡವೀಶ ಏದುಸಿರು ಬಿಡುತ್ತಾ ಬಂದು ಅವಳ ಮುಂದೆ ನಿಂತ.

"ನಿಮ್ಮ ಲೆಕ್ಕ ತಪ್ಪಿಲ್ಲ ಟೀಚ್ರೇ. ತಪ್ಪು ನಂದು. ಎರಡು ಸಲಾನೂ ನಾನು ಅದಕ್ಕೆ ಗಂಜಿ ಹಾಕಿದ್ದೆ. ಅದಕ್ಕೇ ಬಿಚ್ಕೊಳ್ಳಲಿಲ್ಲ."

ಉಮಾಳಿಗೆ ಸಿಟ್ಟು ಬಂತು. "ಗಂಜಿ! ನಾನು ಎಷ್ಟು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಗೊತ್ತೇನ್ರೀ? ಯಾರು ನಿಮಗೆ ಗಂಜಿ ಹಾಕಿ ಅಂದಿದ್ದು?"

"ಯಾರೂ ಅನ್ಲಿಲ್ಲ. ನಮ್ಮ ಅಂಗಡೀಲಿ ಮದ್ವೆ ಗಂಡಿನ ಜುಬ್ಬಕ್ಕೆ ಬಿಟ್ರೆ ಇನ್ನ್ಯಾವುದಕ್ಕೂ ಗಂಜಿ ಹಾಕಲ್ಲ."

"ಮತ್ತೆ ಇದಕ್ಯಾಕೆ ಹಾಕಿದ್ರಿ?"

ಅಡವೀಶ ಚಪ್ಪಲಿ ನೋಡಿಕೊಂಡ. "ಇದು ನಿಮ್ಮದಲ್ವಾ... ಅದಕ್ಕೆ. ನೀವು ಅಂದ್ರೆ ನಂಗೆ ಇಷ್ಟ."

ಕಂಡಕ್ಟರು "ತುಮ್ಕೂರ್, ತುಮ್ಕೂರ್, ರೈಟ್!" ಎಂದ. ಉಮಾ ಬಸ್ಸು ಹತ್ತಿದಳು. ಬಸ್ಸು ಹೋಯಿತು.

ಸೋಮವಾರ ಒಂಬತ್ತೂ ಮುಕ್ಕಾಲಿಗೆ ಅಡವೀಶ ಬಾಗಿಲಿಗೆ ಬರಲಿಲ್ಲ. ಒಳಗೆ ಮೆಷಿನ್ನಿನ ಮುಂದೆ ತಲೆ ಬಗ್ಗಿಸಿ ಕೂತಿದ್ದ. ಟೇಬಲ್ಲಿನ ಮೇಲೆ ಟಕ್ ಎಂದು ಸದ್ದಾಯಿತು. ನೋಡಿದರೆ ಬೆರಳುದ್ದದ ಮೋಟಾರು. ಪಕ್ಕದಲ್ಲಿ ಒಂದು ಪೌಡರ್ ಡಬ್ಬಿ.

"ಯಾಕ್ರೀ, ಇವತ್ತು ಸೂಜಿಗೆ ದಾರ ಪೋಣಿಸಲ್ವಾ?" ಎಂದಳು ಉಮಾ.

ಎಲಾ ಇವಳ! ಎಲ್ಲ ಗೊತ್ತಿತ್ತೇ!

"ಹೊನ್ನಯ್ಯ ಮೇಷ್ಟ್ರಿಗೆ ಗಂಜಿ ಕಥೆ ಹೇಳ್ದೆ. ಹೊಟ್ಟೆ ಹಿಡ್ಕೊಂಡು ನಕ್ರು. ಬಟ್ಟೇನ ಬಿಸಿನೀರಲ್ಲಿ ಚೆನ್ನಾಗಿ ಒಗೆದು, ಮಡಿಕೆ ಅಂಟ್ಕೊಳ್ದ ಹಾಗೆ ಪೌಡರ್ ಉದುರ್ಸಿ, ಸಡಿಲವಾಗಿ ಮಡಚಿ ಅಂದ್ರು. ಇನ್ನೊಂದು ಮಾತೂ ಅಂದ್ರು."

"ಏನು?"

"ಅದು ಅರಳಿದ್ಮೇಲೆ ಹೇಳ್ತೀನಿ."

ಮೂರನೆಯ ಸಲಕ್ಕೆ ಸಿದ್ದಲಕ್ಷ್ಮಮ್ಮನೂ ಒಂದು ಚೀಲ ಮಂಡಕ್ಕಿ ಹಿಡಿದು ಕಾವಲಿಗೆ ಬಂದಳು. ಉಮಾ ಮತ್ತು ಅಡವೀಶ ಹುಲ್ಲಿನ ಮೇಲೆ ಕೂತು ಪೌಡರ್ ಹಚ್ಚಿ ಮಡಚಿದರು. ಅವನ ಮೀಸೆಯೆಲ್ಲ ಬೆಳ್ಳಗಾಯಿತು. "ಮುದುಕಪ್ಪ ಆದಾಗ ಹಿಂಗೇ ಕಾಣ್ತೀರೇನೋ," ಎಂದು ಅವಳು ಸಣ್ಣಗೆ ಹೇಳಿದಳು.

ಐದು, ನಾಲ್ಕು, ಮೂರು, ಎರಡು, ಒಂದು!

ರಾಕೆಟ್ಟು ಮೇಲೆ ಹೋಯಿತು. ಢಬ್ ಎಂದಿತು. ಅಡವೀಶ ಕಣ್ಣು ಮುಚ್ಚಿಕೊಂಡ. ಹುಡುಗಿಯರೆಲ್ಲ ಒಟ್ಟಿಗೆ ಕಿರುಚಿದಾಗ ತೆರೆದು ನೋಡಿದರೆ, ನೀಲಿ ಆಕಾಶದಲ್ಲಿ ಕಿತ್ತಳೆ ಪ್ಯಾರಾಚೂಟು ಅರಳಿ ನಿಂತಿತ್ತು, ಸುತ್ತಲೂ ಚೂರು ಬಿಳಿ ಪೌಡರ್ ಹೊಗೆ. ಅವನಿಗೆ ಅಳುವೇ ಬಂತು.

ಗಾಳಿ ಅದನ್ನು ದೂರಕ್ಕೆ ಒಯ್ದಿತು. ಇಬ್ಬರೂ ಅದರ ಹಿಂದೆ ಓಡಿದರು. ಜಾಲಿ ಗಿಡದ ಮುಳ್ಳಿಗೆ ಸಿಗುವ ಮೊದಲೇ ಅಡವೀಶ ಎಗರಿ ಹಿಡಿದ.

"ಈಗ ಹೇಳಿ. ಮೇಷ್ಟ್ರು ಏನಂದ್ರು?"

"ತಪ್ಪು ಮುಚ್ಚಿಡೋರು ಊರು ತುಂಬ ಇದಾರೆ, ಬಸ್‌ಸ್ಟ್ಯಾಂಡಿಗೆ ಓಡಿ ಬಂದು ಒಪ್ಕೊಳ್ಳೋನನ್ನ ಬಿಡಬೇಡಮ್ಮ ಅಂದ್ರು." ಅವಳು ಏದುಸಿರಿನ ನಡುವೆ ನಕ್ಕಳು. "ನಂಗೆ ಒಂದು ಜುಬ್ಬ ಹೊಲಿಸ್ಬೇಕು."

"ಯಾರಿಗೆ? ಅಳತೆ ಬೇಕಲ್ಲ."

"ನಿಮ್ಮ ಅಳತೇದೇ ಆಗ್ಬೇಕು." ಅವನ ಕೈಯಿಂದ ಪ್ಯಾರಾಚೂಟು ತೆಗೆದುಕೊಂಡು ಮಡಚುತ್ತಾ ಅಂದಳು. "ಅದಕ್ಕೆ ಮಾತ್ರ ಗಂಜಿ ಹಾಕೋದು ಮರೀಬೇಡಿ."

ಬಿ.ಎಸ್ಸಿ. ಓದಿದ ಮಗಳಿಗೆ ಟೈಲರೇ ಎಂದು ಕುಣಿಗಲ್ಲಿನಲ್ಲಿ ಅವಳಪ್ಪ ಮಹಾಲಿಂಗಯ್ಯನವರು ಎಂಟು ದಿನ ಗೊಣಗಿದರು. ಒಂಬತ್ತನೆಯ ದಿನ ಮೇಷ್ಟ್ರ ಮಾತು ಕೇಳಿ, ಹುಡುಗನನ್ನು ನೋಡಿ, ಹೂಂ ಅಂದರು.

ಜುಬ್ಬಕ್ಕೆ ಗಂಜಿ ಹಾಕಿದ್ದು ಅವ್ವ. ಖುಷಿಗೆ ಕೈ ಅಳತೆ ತಪ್ಪಿತ್ತೋ ಏನೋ, ಮದುವೆಯ ದಿನ ತಾಳಿ ಹಿಡಿದು ಎದ್ದರೆ ಅಡವೀಶನ ತೋಳು ಮಡಚಲೇ ಒಲ್ಲದು. ಕೈ ಕೋಲಿನ ಹಾಗೆ ನೆಟ್ಟಗೆ ನಿಂತಿತು. ಪಕ್ಕದಲ್ಲಿ ತಲೆ ಬಗ್ಗಿಸಿ ಕೂತಿದ್ದ ಉಮಾಳ ಭುಜ ನಗುವಿಗೆ ಕುಲುಕುತ್ತಿತ್ತು.

"ರೀ," ಎಂದಳು, ಅವನಿಗೊಬ್ಬನಿಗೇ ಕೇಳುವ ಹಾಗೆ. "ಪೌಡರ್ ಡಬ್ಬಿ ತರಿಸ್ಲಾ?"